ಯೂನಾ ಹೇಳಿದ್ದೇನು?

ಆಕಾಶನೌಕೆಯೊಂದರ ಅಟ್ಟಣೆಯ ಮೇಲೆ ಒಬ್ಬ ಹುಡುಗ ಕರಗಿಹೋಗುತ್ತಿದ್ದಾನೆ. ಹುಡುಗಿ ಓಡಿಬಂದು ಅವನನ್ನು ತಬ್ಬಿಕೊಳ್ಳಲು ನೋಡುತ್ತಾಳೆ. ತೋಳುಗಳಿಗೆ ಅವನು ಸಿಗುವುದಿಲ್ಲ. ಅವನನ್ನು ಹಾದು ಆಚೆಗೆ ಬಿದ್ದುಬಿಡುತ್ತಾಳೆ. ಎದ್ದು ನಿಲ್ಲುತ್ತಾಳೆ, ಆದರೆ ತಿರುಗಿ ನೋಡುವುದಿಲ್ಲ. ಬೆನ್ನು ಹಾಕಿ ನಿಂತೇ ಒಂದು ಮಾತು ಹೇಳುತ್ತಾಳೆ. 2001ರ ಜುಲೈಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದ 'ಫೈನಲ್ ಫ್ಯಾಂಟಸಿ 10' ಎಂಬ ವಿಡಿಯೋ ಗೇಮಿನ ಕೊನೆಯ ದೃಶ್ಯಗಳಲ್ಲೊಂದು ಇದು. ಹುಡುಗಿಯ ಹೆಸರು ಯೂನಾ. ಜಪಾನಿ ಭಾಷೆಯಲ್ಲಿ ಅವಳು ಹೇಳುವುದು 'ಅರಿಗತೋ', ಅಂದರೆ ನಮ್ಮ 'ಥ್ಯಾಂಕ್ಸ್'. ಅದೇ ಡಿಸೆಂಬರಿನಲ್ಲಿ ಅಮೆರಿಕಕ್ಕೆ ಬಂದ ಇಂಗ್ಲಿಷ್ ಆವೃತ್ತಿಯಲ್ಲಿ ಅದೇ ಯೂನಾ ಹೇಳುವುದು 'ಐ ಲವ್ ಯೂ'.

20 ವರ್ಷಕ್ಕೂ ಮೀರಿ ಅಭಿಮಾನಿಗಳು ಈ ಎರಡು ಮಾತುಗಳ ನಡುವೆ ಜಗಳವಾಡುತ್ತಿದ್ದಾರೆ. ಅನುವಾದಕ ಒಂದು ಸೂಕ್ಷ್ಮವಾದ ವಿದಾಯವನ್ನು ಹಾಲಿವುಡ್ ಸಿನಿಮಾ ಮಾಡಿಬಿಟ್ಟ ಎನ್ನುವವರು ಒಂದು ಕಡೆ. ಇಂಗ್ಲಿಷಿನಲ್ಲಿ 'ಥ್ಯಾಂಕ್ ಯೂ' ಎಂದಿದ್ದರೆ ಅದು ಅಂಗಡಿಯ ಗಲ್ಲಾಪೆಟ್ಟಿಗೆಯ ಎದುರಿನ ಮಾತಾಗುತ್ತಿತ್ತು ಎನ್ನುವವರು ಇನ್ನೊಂದು ಕಡೆ. ಇವೆರಡರ ಅಡಿಯಲ್ಲಿ ಯಾರೂ ನೇರವಾಗಿ ಹೇಳದ, ಆದರೆ ಚುಚ್ಚುವ ಮಾತೊಂದಿದೆ: ನೀನು ಅತ್ತದ್ದು ಅವಳು ಆಡದ ಮಾತಿಗೆ. ನನ್ನ ಕುತೂಹಲ ಇರುವುದು ಇಲ್ಲಿ. ಮೂಲದಲ್ಲಿಲ್ಲದ ವಾಕ್ಯಕ್ಕೆ ಬಂದ ಕಣ್ಣೀರು ಖೋಟಾ ಆಗುತ್ತದೆಯೇ?

ಆಟ ಆಡದವರಿಗೆ ಕಥೆಯನ್ನು ಚುಟುಕಾಗಿ ಹೇಳಬೇಕು. ಯೂನಾ ಒಬ್ಬ ಆವಾಹಕಿ. 'ಸಿನ್' ಎಂಬ ಮಹಾದೈತ್ಯವನ್ನು ಅಡಗಿಸಲು ಯಾತ್ರೆ ಹೊರಟಿದ್ದಾಳೆ; ಆ ಯಾತ್ರೆಯ ಕೊನೆಯಲ್ಲಿ ಆವಾಹಕಿ ಸಾಯಲೇಬೇಕು. ಈ ಸಂಗತಿ ಜೊತೆಗಾರರಿಗೆಲ್ಲ ಗೊತ್ತು, 1000 ವರ್ಷ ಹಿಂದಿನ ನಗರದಿಂದ ಬಂದವನು ಎನ್ನಲಾಗುವ ಟೀಡಸ್‌ನೊಬ್ಬನಿಗೆ ಗೊತ್ತಿಲ್ಲ. ಗೊತ್ತಾದಾಗ ಅವನು ಬೇರೆ ದಾರಿ ಹುಡುಕೋಣ ಎನ್ನುತ್ತಾನೆ. ಬೇರೆ ದಾರಿ ಸಿಗುತ್ತದೆ, ಆದರೆ ಆಮೇಲೆ ತಿಳಿಯುವುದೇನೆಂದರೆ ಆತ ಯಾರದೋ ಕನಸಿನ ಸೃಷ್ಟಿ. ಯುದ್ಧ ಗೆದ್ದ ಕ್ಷಣ ಕನಸು ಮುಗಿದು ತಾನೂ ಇಲ್ಲವಾಗುತ್ತಾನೆ. ಮೊದಲರ್ಧದಲ್ಲಿ ಅವಳ ಸಾವನ್ನು ಅವನಿಂದ ಮುಚ್ಚಿಟ್ಟಿದ್ದರು, ಉತ್ತರಾರ್ಧದಲ್ಲಿ ತನ್ನ ಅಂತ್ಯವನ್ನು ಅವನು ಅವಳಿಂದ ಮುಚ್ಚಿಡುತ್ತಾನೆ. ಆ ಋಣ ತಿರುವುಮುರುವಾಗುವ ಹೊತ್ತಿನಲ್ಲಿ 'ಅರಿಗತೋ' ಬರುತ್ತದೆ.

ಹಾಗಾಗಿ ಆ ಕೃತಜ್ಞತೆ ಸಣ್ಣದಲ್ಲ. ನನ್ನ ಸಾವನ್ನು ನೀನು ತೆಗೆದುಕೊಂಡೆ ಎನ್ನುವುದಕ್ಕೆ ಸಲ್ಲಿಸಿದ ಮಾತು ಅದು. ಇನ್ನೊಂದು ಎಳೆಯೂ ಇದೆ. ಸತ್ತವರ ಜೀವಗಳನ್ನು ನರ್ತಿಸಿ ಪರಲೋಕಕ್ಕೆ ಕಳಿಸಿಕೊಡುವುದು ಯೂನಾಳ ಕಸುಬು. ಜಪಾನಿನಲ್ಲಿ ತೀರಿಕೊಂಡವರನ್ನು ಬೀಳ್ಕೊಡುವಾಗ 'ಅರಿಗತೋ' ಎನ್ನುವುದು ವಾಡಿಕೆಯ ಮಾತು. ಅಷ್ಟೂ ಜನರನ್ನು ಕಳಿಸಿಕೊಟ್ಟವಳು ಕೊನೆಗೆ ತನ್ನವನನ್ನೂ ಕಳಿಸಿಕೊಡುತ್ತಿದ್ದಾಳೆ ಎಂದು ಜಪಾನಿ ಕಿವಿಗೆ ಕೇಳಿಸುವ ಸಾಧ್ಯತೆ ಇದೆ. 'ಐ ಲವ್ ಯೂ' ಈ ಎಳೆಯನ್ನು ಕತ್ತರಿಸುತ್ತದೆ. ಜೊತೆಗೆ ಒಂದು ಅನಗತ್ಯ ಕೆಲಸವನ್ನೂ ಮಾಡುತ್ತದೆ: ಮಕಲೇನಿಯಾದ ಕೊಳದಲ್ಲಿ ಅವರಿಬ್ಬರೂ ಮುತ್ತಿಟ್ಟುಕೊಂಡ ದೃಶ್ಯ ಎಷ್ಟೋ ಮೊದಲೇ ಬಂದಾಗಿರುತ್ತದೆ. ಪ್ರೀತಿ ಇದೆಯೆಂಬುದು ಹೊಸ ಸುದ್ದಿಯಲ್ಲ.

ಇಷ್ಟರಿಂದ ಅನುವಾದಕನನ್ನು ಕಟಕಟೆಗೆ ಹತ್ತಿಸುವುದು ಸುಲಭ. ಆದರೆ ಅಲೆಕ್ಸಾಂಡರ್ ಓ. ಸ್ಮಿತ್ ಕೂತು ಕೆಲಸ ಮಾಡಿದ ಮೇಜನ್ನೂ ನೋಡಬೇಕು. ಪಾತ್ರಗಳು ಬಾಯಿಬಿಟ್ಟು ಮಾತಾಡಿದ ಮೊದಲ 'ಫೈನಲ್ ಫ್ಯಾಂಟಸಿ' ಇದು. ಜಪಾನಿ ದನಿಯ ಕಡತ ಎಷ್ಟು ಉದ್ದವೋ ಇಂಗ್ಲಿಷಿನದೂ ಅಷ್ಟೇ ಇರಬೇಕು. ಹೆಚ್ಚುಕಡಿಮೆಯಾದರೆ ಆಟವೇ ಕ್ರ್ಯಾಶ್ ಆಗುತ್ತಿತ್ತು. ನಾಲ್ಕೈದು ಸಿನಿಮಾಗಳ ಸಂಭಾಷಣೆಯನ್ನು ಪೂರ್ತಿ ಹೈಕುವಿನಲ್ಲಿ ಬರೆದಂತಿತ್ತು ಎಂಬರ್ಥದ ಮಾತನ್ನು ಸ್ಮಿತ್ ಆಮೇಲೆ ಹೇಳಿಕೊಂಡಿದ್ದಾರೆ. ಅನುವಾದದ ಸಿದ್ಧಾಂತಗಳನ್ನು ಓದುವ ನಮ್ಮಂಥವರು ಇಂಥ ಸಂಗತಿಗಳನ್ನು ಅಡಿಟಿಪ್ಪಣಿಗೆ ತಳ್ಳುತ್ತೇವೆ. ನನಗನ್ನಿಸುವಂತೆ ಇವು ಛಂದಸ್ಸಿನಷ್ಟೇ ಮುಖ್ಯ.

'ಅರಿಗತೋ'ವನ್ನು ಎತ್ತಿಹಿಡಿಯುವವರ ವಾದದಲ್ಲೂ ಒಂದು ಅಪಾಯವಿದೆ. ಮೊದಲು ವ್ಯುತ್ಪತ್ತಿ ಬರುತ್ತದೆ: ಈ ಪದದ ಬೇರು 'ಇರುವುದು ಕಷ್ಟವಾದದ್ದು' ಎಂಬ ಹಳೆಯ ವಿಶೇಷಣ, ನಮ್ಮ 'ದುರ್ಲಭ'ದ ಹಾಗೆ. ನಿಜವೇ. ಕರಗಿಹೋಗುತ್ತಿರುವ ಹುಡುಗನಿಗೆ ದುರ್ಲಭನೇ ಎಂದಂತಾಯಿತು, ಎಷ್ಟು ಸೊಗಸು! ಆದರೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರಿಗೆ ಅರಿಗತೋ ಎನ್ನುವ ಟೋಕಿಯೋದ ಯಾರ ಮನಸ್ಸಿನಲ್ಲೂ ಆ ಬೇರು ಮಿಸುಕುವುದಿಲ್ಲ. ಆಮೇಲೆ ಬರುವುದು ಜಪಾನೀಯರು ಪ್ರೀತಿಯನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ ಎಂಬ ಸಾಮಾನ್ಯೀಕರಣ; ಅದಕ್ಕೆ ಸಾಕ್ಷಿಯಾಗಿ, 'ಐ ಲವ್ ಯೂ'ವನ್ನು 'ಚಂದ್ರ ಎಷ್ಟು ಚೆನ್ನಾಗಿದ್ದಾನೆ' ಎಂದು ಅನುವಾದಿಸಿ ಎಂದು ಕಾದಂಬರಿಕಾರ ನತ್ಸುಮೆ ಸೊಸೆಕಿ ವಿದ್ಯಾರ್ಥಿಗಳಿಗೆ ಹೇಳಿದರೆಂಬ ಕಥೆ. ಸೊಸೆಕಿಯ ಬರಹಗಳಲ್ಲಿ ಇದಕ್ಕೆ ಆಧಾರವಿಲ್ಲ. ಇದರ ಜೋಡಿಯಾಗಿ ಹೇಳುವ ಇನ್ನೊಂದು ಕಥೆ ಫುತಾಬಾತೆಯ್ ಶಿಮೇಯ್ ಅವರದು. 1896ರಲ್ಲಿ ತುರ್ಗೆನೆವ್‌ನ 'ಆಸ್ಯಾ'ವನ್ನು ಜಪಾನಿಗೆ ತರುವಾಗ ಅವರು 'ಐ ಲವ್ ಯೂ'ಗೆ ಬದಲಾಗಿ 'ಸತ್ತರೂ ಸರಿ' ಎಂಬರ್ಥದ ಮಾತು ಬಳಸಿದರಂತೆ. ಈ ಮಾತು ಬಳಸಿದ್ದು ಹೌದು, ಆದರೆ ರಷ್ಯನ್ ಮೂಲದಲ್ಲಿದ್ದುದು 'ನಿಮ್ಮವಳು' ಎಂಬರ್ಥದ ಒಂದೇ ಪದ. ಅಲ್ಲಿ ಅನುವಾದಕ ಮಾತನ್ನು ಏರಿಸಿದ್ದಾರೆ, ಇಳಿಸಿಲ್ಲ! ಮೌನಿ ಪೂರ್ವ, ವಾಚಾಳಿ ಪಶ್ಚಿಮ ಎಂಬ ಚೌಕಟ್ಟು ಇಲ್ಲೇ ಮುರಿದುಬೀಳುತ್ತದೆ. ಹಾಗಿದ್ದೂ ಯೂನಾಳನ್ನು ಈ ಚೌಕಟ್ಟಿಗೇ ಕೂರಿಸುವ ಅಭಿಮಾನಿ ಸ್ಮಿತ್ ಮಾಡಿದ್ದಕ್ಕಿಂತ ಕಡಿಮೆ ಹಿಂಸೆ ಮಾಡುತ್ತಿದ್ದಾನೆಂದು ನನಗೆ ಅನ್ನಿಸುವುದಿಲ್ಲ.

ಎರಡೂ ಗುಂಪಿನವರು ಒಂದು ವಿಷಯವನ್ನು ಒಪ್ಪಿಕೊಂಡೇ ಜಗಳಕ್ಕಿಳಿದಿದ್ದಾರೆ: ಎರಡು ಭಾಷೆಗಳ ಹಿಂದೆ ಒಬ್ಬಳೇ ಯೂನಾ ಇದ್ದಾಳೆ, ಅವಳ ಮನಸ್ಸಿನಲ್ಲಿದ್ದದ್ದು ಏನೋ ಒಂದು, ಅದನ್ನು ಒಂದು ಭಾಷೆ ಸರಿಯಾಗಿ ಹೇಳಿತು, ಇನ್ನೊಂದು ತಪ್ಪಾಗಿ. ಆಸ್ಪತ್ರೆಯಲ್ಲಿ ದುಭಾಷಿಯೊಬ್ಬಳು ರೋಗಿಯ 'ಥ್ಯಾಂಕ್ಸ್' ಅನ್ನು 'ನಿಮ್ಮನ್ನು ಪ್ರೀತಿಸುತ್ತೇನೆ' ಎಂದು ದಾಟಿಸಿದರೆ ಅದು ಅಪರಾಧ, ಏಕೆಂದರೆ ಅಲ್ಲಿ ಒಬ್ಬ ಮನುಷ್ಯ ಇದ್ದಾನೆ, ತನ್ನ ಮನಸ್ಸನ್ನು ಯಾವಾಗ ತೆರೆಯಬೇಕೆಂಬ ಹಕ್ಕು ಅವನದು. ಯೂನಾಳ ವಾಕ್ಯದ ಹಿಂದೆ ಅಂಥ ಇನ್ನೊಬ್ಬ ಯೂನಾ ಇಲ್ಲ. ಅವಳು ಆಡಿದ ಮಾತುಗಳಿಂದಲೇ ಆದವಳು. ಮಾತು ಬದಲಾದರೆ ಬೇರೊಬ್ಬಳು.

ಕನ್ನಡದ ಓದುಗರಿಗೆ ಇದರಲ್ಲಿ ವಿಚಿತ್ರವೇನೂ ಇರಲಾರದು. 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಸೀತೆಯ ಜೊತೆ ರಾಮನೂ ಅಗ್ನಿಪ್ರವೇಶ ಮಾಡುತ್ತಾನೆ. ವಾಲ್ಮೀಕಿಯ ರಾಮ ಮಾಡಲಿಲ್ಲ. ಒಂದು ದಾಂಪತ್ಯದ ಅರ್ಥವೇ ಅದರಿಂದ ಬದಲಾಯಿತು, ಆದರೂ ಕುವೆಂಪು ರಾಮಾಯಣ ಓದಿ ಕಣ್ಣೊದ್ದೆ ಮಾಡಿಕೊಂಡವರಿಗೆ ನಿಮ್ಮ ಕಣ್ಣೀರು ಖೋಟಾ ಎಂದು ಯಾರೂ ಹೇಳಿದ್ದಿಲ್ಲ. ವ್ಯತ್ಯಾಸ ಇಷ್ಟೇ: ಅದು ಕುವೆಂಪು ಅವರ ಕಾವ್ಯವೆಂದು ಓದುಗನಿಗೆ ಗೊತ್ತು. ಬದಲಾವಣೆಯ ಕೆಳಗೆ ಸಹಿ ಇದೆ. ಆಟದ ಕೊನೆಯಲ್ಲಿ ಅನುವಾದಕನ ಹೆಸರೂ ಉರುಳುತ್ತದೆ ನಿಜ, ಆದರೆ ನಿರ್ದಿಷ್ಟವಾಗಿ ಈ ಮಾತು ಅವನದು ಎಂದು ಆಡುವವನಿಗೆ ತಿಳಿಯುವ ದಾರಿ ಇರಲಿಲ್ಲ. ದಶಕದ ನಂತರ ಬಂದ ಹೊಸ ಎಚ್‌ಡಿ ಆವೃತ್ತಿಯಲ್ಲೂ ಪಶ್ಚಿಮದವರಿಗೆ ಜಪಾನಿ ದನಿಯ ಆಯ್ಕೆ ಕೊಡಲಿಲ್ಲ. ನನ್ನ ತಕರಾರು ಏನಾದರೂ ಇದ್ದರೆ ಅದು ಇದರ ಬಗ್ಗೆ; 'ಐ ಲವ್ ಯೂ' ಬಗ್ಗೆ ಅಲ್ಲ. (ತಮಾಷೆಯೆಂದರೆ 2002ರಲ್ಲಿ ಜಪಾನಿನಲ್ಲೇ ಮಾರಾಟವಾದ 'ಇಂಟರ್‌ನ್ಯಾಷನಲ್' ಆವೃತ್ತಿಯಲ್ಲಿ ಇಂಗ್ಲಿಷ್ ದನಿ, ಕೆಳಗೆ ಜಪಾನಿ ಅಕ್ಷರ. ಎರಡು ಯೂನಾರ ನಡುವೆ ಆರಿಸಿಕೊಳ್ಳುವ ಭಾಗ್ಯ ಸಿಕ್ಕಿದ್ದು ಮೂಲ ಭಾಷೆಯವರಿಗೇ.)

ಜಗಳದಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ವ್ಯಾಕರಣದ ಸಂಗತಿಯೊಂದಿದೆ, ನನಗೆ ಅದೇ ಹೆಚ್ಚು ಮುಖ್ಯವೆನಿಸುತ್ತದೆ. 'ಅರಿಗತೋ'ದಲ್ಲಿ ನಾನು ಇಲ್ಲ, ನೀನೂ ಇಲ್ಲ. ಇಂಗ್ಲಿಷಿನ ಮೂರು ಪದಗಳಲ್ಲಿ ಎರಡು ಅವೇ. ಈ ಆಟದಲ್ಲಿ ಟೀಡಸ್‌ನ ಹೆಸರನ್ನು ಆಡುವವನು ತನಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಆ ಕಾರಣಕ್ಕೇ ಇಡೀ ಕಥೆಯಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಯೂನಾ ಜಪಾನಿಯಲ್ಲಿ 'ಕಿಮಿ' ಎನ್ನುತ್ತಾಳೆ, ಇಂಗ್ಲಿಷಿನಲ್ಲಿ ಬರೀ 'ಯೂ'. ಹತ್ತಾರು ಗಂಟೆ ಅವನ ಕಾಲಿನಲ್ಲಿ ನಡೆದು, ಅವನಿಗೆ ತನ್ನದೇ ಹೆಸರಿಟ್ಟುಕೊಂಡ ಹದಿನೈದರ ಹುಡುಗನೊಬ್ಬ ಕೊನೆಯಲ್ಲಿ 'ಐ ಲವ್ ಯೂ' ಕೇಳುತ್ತಾನೆ. ಆ 'ಯೂ' ಯಾರು? ಜಪಾನಿಯಲ್ಲಿ ಆಟಗಾರ ಒಂದು ವಿದಾಯಕ್ಕೆ ಸಾಕ್ಷಿಯಾಗಿ ನಿಂತಿರುತ್ತಾನೆ; ಇಂಗ್ಲಿಷಿನಲ್ಲಿ ಆ ಮಾತು ಅವನಿಗೇ ಸಲ್ಲುತ್ತದೆ. ಇಂಗ್ಲಿಷ್ ಅಭಿಮಾನಿಗಳು ಈ ಮಾತನ್ನು ಯಾಕೆ ಇಷ್ಟು ಸ್ವಂತದ್ದೆಂಬಂತೆ ಕಾಯುತ್ತಾರೆ, ತಿದ್ದುಪಡಿ ಯಾಕೆ ಅವರಿಗೆ ಅವಮಾನದಂತೆ ತಾಗುತ್ತದೆ ಎಂಬುದಕ್ಕೆ ಇದೂ ಒಂದು ಕಾರಣವಿರಬೇಕು. 2003ರ ಉತ್ತರಭಾಗದಲ್ಲಿ ಯೂನಾ ಅವನನ್ನು ಹುಡುಕಿ ಹೊರಟಾಗ ಇಂಗ್ಲಿಷಿನವರಿಗೆ ಅದು ಕೊಟ್ಟ ಮಾತಿನ ಮುಂದುವರಿಕೆ. ಥ್ಯಾಂಕ್ಸ್ ಹೇಳಿ ಕಳಿಸಿಕೊಟ್ಟವಳು ಮತ್ತೆ ಹುಡುಕಿ ಹೊರಡುವುದು ಬೇರೆಯದೇ ಕಥೆ. ಅದರಲ್ಲಿ ಅವಳು ತನ್ನ ವಿದಾಯವನ್ನು ತಾನೇ ಅಳಿಸಬೇಕು.

ಇದನ್ನು ಕನ್ನಡಕ್ಕೆ ತರುವುದಾದರೆ? ಸುಮಾರು ದಿನ ಈ ಒಂದು ಮಾತಿನ ಜೊತೆ ಗುದ್ದಾಡಿದ್ದೇನೆ. 'ಧನ್ಯವಾದ' ಎಂದರೆ ವಂದನಾರ್ಪಣೆಯ ಮೈಕು ನೆನಪಾಗುತ್ತದೆ. ಮನೆಯವರಿಗೆ ನಾವು ಧನ್ಯವಾದ ಹೇಳುವವರಲ್ಲ, ಹೇಳಿದರೆ ಮುನಿಸಿಕೊಂಡಂತೆ. 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಎಂಬುದು ವ್ಯಾಕರಣ ಪುಸ್ತಕದ ವಾಕ್ಯ. 'ಐ ಲವ್ ಯೂ' ಎಂದೇ ಬಿಟ್ಟರೆ ಗಾಂಧಿನಗರ. ಕೊನೆಗೆ ನಾಲಿಗೆಯ ತುದಿಗೆ ಬಂದದ್ದು 'ಹೋಗಿ ಬಾ'. ನಮ್ಮಲ್ಲಿ ಹೊರಟವರು ಹೋಗ್ತೀನಿ ಎನ್ನುವುದಿಲ್ಲ, ಕಳಿಸುವವರೂ ಹೋಗು ಎನ್ನುವುದಿಲ್ಲ. ಬಾರದವನಿಗೆ ಬಾ ಎನ್ನುವ ಆ ಮಾತು ಸಂಕಟಕ್ಕೆ ಸರಿಯಾಗಿಯೇ ಒದಗುತ್ತದೆ, ಅದರಲ್ಲೂ ನಾನು, ನೀನು ಇಲ್ಲ. ಆದರೆ ಅದು ಒಂದು ಆಸೆಯನ್ನು ಒಳಗೆ ತರುತ್ತದೆ. ಹೋಗಿ ಬಾ ಎನ್ನುವಂಥದ್ದೇ ಮಾತು ಜಪಾನಿಯಲ್ಲೂ ಇದೆ, ಮನೆಯಿಂದ ಹೊರಡುವವರಿಗೆ ದಿನಾ ಹೇಳುತ್ತಾರೆ. ಆಟದ ಬರಹಗಾರರು ಈ ದೃಶ್ಯದಲ್ಲಿ ಅದನ್ನು ಬಳಸಲಿಲ್ಲ. ಅಲ್ಲದೆ ತುಟಿಗಳ ಲೆಕ್ಕವೂ ತಾಳೆಯಾಗುವುದಿಲ್ಲ. 'ಅರಿಗತೋ' ಬಾಯಿ ತೆರೆದು ಶುರುವಾಗಿ ತುಟಿ ದುಂಡಗಾಗಿ ಮುಗಿಯುತ್ತದೆ, 'ಐ ಲವ್ ಯೂ' ಕೂಡ ಹಾಗೆಯೇ. 'ಹೋಗಿ ಬಾ' ದುಂಡಗೆ ಶುರುವಾಗುತ್ತದೆ, ಮುಗಿಯುವಾಗ ಬಾಯಿ ತೆರೆದೇ ಇರುತ್ತದೆ.