ಶಾಲೆಯಲ್ಲಿ ಕ್ರೈಸ್ತ ಧರ್ಮದ ಪಾಠ ಮತ್ತು ಚಲನಚಿತ್ರದ ಬಳಕೆ: ಒಂದು ವಿಚಾರ

ಕರ್ನಾಟಕ ರಾಜ್ಯ ಪಠ್ಯಕ್ರಮದ ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳನ್ನು ಪರಿಚಯಿಸುವ ಅಧ್ಯಾಯವೊಂದಿದೆ. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಬಹುಪಾಲು ಮಕ್ಕಳಿಗೆ ಶ್ರೀಕಂಠೇಶ್ವರನ ಪಂಚ ಮಹಾರಥೋತ್ಸವವಾಗಲಿ, ಗುಂಜಾ ನರಸಿಂಹಸ್ವಾಮಿಯ ಸನ್ನಿಧಿಯಾಗಲಿ, ಸುತ್ತೂರಿನ ಜಾತ್ರೆಯಾಗಲಿ ಕಂಡುಂಡ ಅನುಭವವಾಗಿದ್ದರೆ, 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಶೇ. 1.87ರಷ್ಟಿರುವ ಕ್ರೈಸ್ತರ ಬದುಕು ಅವರಿಗೆ ಮುಖ್ಯವಾಗಿ ಪುಸ್ತಕದಿಂದಲೋ ಪರದೆಯಿಂದಲೋ ತಿಳಿಯಬೇಕಾದ ಸಂಗತಿ. ಆದ್ದರಿಂದ ಸ್ಮಾರ್ಟ್ ಕ್ಲಾಸಿನ ಸೌಲಭ್ಯವಿರುವ ಶಾಲೆಯ ಶಿಕ್ಷಕರು ಈ ಪಾಠಕ್ಕೆ ಯೇಸುವಿನ ಜೀವನ ಕುರಿತ ಚಲನಚಿತ್ರವೊಂದನ್ನು ತೋರಿಸಲು ಬಯಸಿದರೆ ಅದು ಸಹಜವೇ ಆಗಿದೆ. ಆದರೆ ಈ ಸರಳವೆಂದು ತೋರುವ ಬೋಧನಾ ಕ್ರಮದ ಹಿಂದೆ ಎರಡು ಪ್ರಶ್ನೆಗಳು ಅಡಗಿವೆ: ಪಾಠವು ಯಾವ ಹಂತದಲ್ಲಿ ಪ್ರಚಾರವಾಗಿ ಮಾರ್ಪಡುತ್ತದೆ ಎಂಬುದು ಒಂದಾದರೆ, ತನ್ನದಲ್ಲದ ಧರ್ಮವನ್ನು ಅರಿಯುವುದೆಂದರೆ ಏನು ಎಂಬುದು ಇನ್ನೊಂದು.

ಮೊದಲನೆಯ ಪ್ರಶ್ನೆಗೆ ಭಾರತದಲ್ಲಿ ದೀರ್ಘ ಇತಿಹಾಸವಿದೆ. ಸರ್ಕಾರಿ ಶಾಲೆಗಳ ಶಿಕ್ಷಣವು ಲೌಕಿಕವಾಗಿಯೇ ಇರಬೇಕೆಂದು ವಿಧಿಸಿದ 1854ರ ವುಡ್ ನಿರೂಪವು ಬೈಬಲ್ಲನ್ನು ಗ್ರಂಥಾಲಯದಲ್ಲಿ ಇರಿಸುವುದಕ್ಕೆ ಅವಕಾಶ ನೀಡಿತ್ತು. ಸ್ವತಂತ್ರ ಭಾರತದ ಸಂವಿಧಾನದ 28ನೆಯ ಅನುಚ್ಛೇದವು ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸಿ, ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಗಳಲ್ಲಿ ಅಂತಹ ಬೋಧನೆಯಲ್ಲಾಗಲಿ ಪೂಜೆಯಲ್ಲಾಗಲಿ ವಿದ್ಯಾರ್ಥಿಯು ತನ್ನ, ಅಪ್ರಾಪ್ತನಾಗಿದ್ದರೆ ಪೋಷಕರ, ಒಪ್ಪಿಗೆಯಿಲ್ಲದೆ ಪಾಲ್ಗೊಳ್ಳಬೇಕಿಲ್ಲವೆಂದು ಹೇಳುತ್ತದೆ. ಇಲ್ಲಿ ನಿಷಿದ್ಧವಾದ ‘ಧಾರ್ಮಿಕ ಬೋಧನೆ’ ಎಂದರೆ ಒಂದು ಮತದ ನಂಬಿಕೆ ಮತ್ತು ಆಚರಣೆಗಳನ್ನು ಸತ್ಯವೆಂದೂ ಅನುಸರಣೀಯವೆಂದೂ ಕಲಿಸುವುದು. ಧರ್ಮಗಳ ಇತಿಹಾಸವನ್ನೂ ವಿಚಾರಗಳನ್ನೂ ಅಧ್ಯಯನದ ವಸ್ತುವಾಗಿ ತಿಳಿಸುವುದು ‘ಧರ್ಮಗಳ ಬಗೆಗಿನ ಶಿಕ್ಷಣ’. 1964–66ರ ಕೊಠಾರಿ ಆಯೋಗವು ಈ ಭೇದವನ್ನು ಗುರುತಿಸಿತು. ಗುರುನಾನಕರ ಜೀವನ ಮತ್ತು ಉಪದೇಶಗಳ ಅಧ್ಯಯನವು ಧಾರ್ಮಿಕ ಬೋಧನೆಯಾಗಬೇಕಿಲ್ಲವೆಂದು 1971ರಲ್ಲಿ ಡಿ.ಎ.ವಿ. ಕಾಲೇಜು ಪ್ರಕರಣದಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯವು 2002ರ ಅರುಣಾ ರಾಯ್ ಪ್ರಕರಣದಲ್ಲಿಯೂ ಧರ್ಮಗಳ ಕುರಿತ ಶಿಕ್ಷಣಕ್ಕೆ 28ನೆಯ ಅನುಚ್ಛೇದ ಅಡ್ಡಿಯಲ್ಲವೆಂಬ ನಿಲುವನ್ನೇ ತಳೆಯಿತು. ಇವೆಲ್ಲದರಿಂದ ಹೊರಡುವ ತತ್ತ್ವವೆಂದರೆ, ಗಡಿಯನ್ನು ನಿರ್ಧರಿಸುವುದು ಪಾಠದ ವಸ್ತುವಲ್ಲ, ಪಾಠವು ಮಗುವಿನಿಂದ ಏನನ್ನು ಕೇಳುತ್ತದೆ ಎಂಬುದು. ತಿಳಿವಳಿಕೆಯನ್ನು ಕೇಳಿದರೆ ಅದು ಶಿಕ್ಷಣ. ಸಮ್ಮತಿಯನ್ನು ಕೇಳಿದರೆ ಅದು ಬೋಧನೆ.

ಪಠ್ಯಪುಸ್ತಕವು ಈ ಗಡಿಯನ್ನು ವಾಕ್ಯರಚನೆಯಿಂದಲೇ ಕಾಯ್ದುಕೊಳ್ಳಬಲ್ಲದು. ಯೇಸು ಮೂರನೆಯ ದಿನ ಸಮಾಧಿಯಿಂದ ಎದ್ದನೆಂದು ಕ್ರೈಸ್ತರು ನಂಬುತ್ತಾರೆ ಎಂದು ಬರೆದಾಗ ನಂಬಿಕೆ ಯಾರದೆಂಬುದು ಸ್ಪಷ್ಟವಾಗಿರುತ್ತದೆ. ಚಲನಚಿತ್ರಕ್ಕೆ ಇಂತಹ ಸೌಕರ್ಯ ಸುಲಭವಾಗಿ ಒದಗುವುದಿಲ್ಲ. ಅದು ಪುನರುತ್ಥಾನವನ್ನಾಗಲಿ, ಕುರುಡನಿಗೆ ಕಣ್ಣು ಬಂದುದನ್ನಾಗಲಿ ಕಣ್ಣೆದುರು ನಡೆಯುತ್ತಿರುವ ಘಟನೆಯಾಗಿಯೇ ತೋರಿಸುತ್ತದೆ, ಮತ್ತು ನೋಡುವವನು ಸಾಕ್ಷಿಯ ಸ್ಥಾನದಲ್ಲಿ ನಿಲ್ಲುತ್ತಾನೆ. ಈ ಶಕ್ತಿಯ ಪ್ರಸಿದ್ಧ ನಿದರ್ಶನ ಭಾರತೀಯ ಸಿನಿಮಾದ ಆರಂಭದಲ್ಲಿಯೇ ಇದೆ. 1910ರ ಸುಮಾರಿಗೆ ಮುಂಬಯಿಯಲ್ಲಿ ಕ್ರಿಸ್ತನ ಜೀವನದ ಮೂಕಿಚಿತ್ರವನ್ನು ನೋಡಿದ ದಾದಾಸಾಹೇಬ್ ಫಾಲ್ಕೆಯವರು ಅದೇ ಪರದೆಯ ಮೇಲೆ ರಾಮ ಕೃಷ್ಣರನ್ನು ಮನಸ್ಸಿನಲ್ಲಿ ಕಂಡುದಾಗಿ ಮುಂದೆ ಬರೆದರು. 1913ರ ‘ರಾಜಾ ಹರಿಶ್ಚಂದ್ರ’ ಆ ಪ್ರೇರಣೆಯ ಫಲ. ಅನ್ಯಧರ್ಮದ ಚಿತ್ರವೊಂದು ಅವರನ್ನು ತಮ್ಮದೇ ಪರಂಪರೆಯ ಕಡೆಗೆ ತಿರುಗಿಸಿತೆಂಬುದು, ಸಿನಿಮಾ ನೋಡಿದ ಮಾತ್ರಕ್ಕೆ ಮಕ್ಕಳು ಮತಾಂತರಗೊಳ್ಳುವರೆಂಬ ಭಯಕ್ಕೂ, ಚಿತ್ರವು ನೋಡುಗರ ಮೇಲೆ ಯಾವ ಪರಿಣಾಮವನ್ನೂ ಬೀರದೆಂಬ ಉದಾಸೀನಕ್ಕೂ ಏಕಕಾಲದಲ್ಲಿ ಉತ್ತರವಾಗಿದೆ.

ಶಾಲೆಗೆ ಸುಲಭವಾಗಿ ದೊರೆಯುವ ಚಿತ್ರಗಳಲ್ಲಿ 1979ರ ‘ಜೀಸಸ್’ ಮುಖ್ಯವಾದುದು. ಹೊಸ ಒಡಂಬಡಿಕೆಯ ಲೂಕನ ಸುವಾರ್ತೆಯನ್ನು, ಅಂದರೆ ಯೇಸುವಿನ ಜೀವನ ಮತ್ತು ಉಪದೇಶಗಳನ್ನು ನಿರೂಪಿಸುವ ನಾಲ್ಕು ಗ್ರಂಥಗಳಲ್ಲಿ ಒಂದನ್ನು, ಆಧರಿಸಿದ ಈ ಚಿತ್ರವು ಕನ್ನಡವೂ ಸೇರಿ ಸಾವಿರಕ್ಕೂ ಮಿಕ್ಕ ಭಾಷೆಗಳಿಗೆ ಡಬ್ ಆಗಿದೆ. ಇದನ್ನು ನಿರ್ಮಿಸಿದ ಉದ್ದೇಶವೇ ಸುವಾರ್ತಾ ಪ್ರಚಾರವಾಗಿದ್ದು, ಕಥೆ ಮುಗಿದ ಮೇಲೆ ಕ್ರಿಸ್ತನನ್ನು ಸ್ವೀಕರಿಸುವ ಪ್ರಾರ್ಥನೆಗೆ ನೋಡುಗರನ್ನು ಆಹ್ವಾನಿಸುವ ಭಾಗವೂ ಬರುತ್ತದೆ. ಕಥಾಭಾಗದ ಒಂದು ದೃಶ್ಯವನ್ನು ತೋರಿಸಿ ಚರ್ಚಿಸುವುದು ಶಿಕ್ಷಣವಾಗಬಹುದಾದರೆ, ಕೊನೆಯ ಆಹ್ವಾನವನ್ನು ಸರ್ಕಾರಿ ಶಾಲೆಯ ಮಕ್ಕಳ ಮುಂದೆ ಹಾಗೆಯೇ ಇಡುವುದು ಸಮ್ಮತಿಯನ್ನು ಕೇಳಿದಂತೆಯೇ ಆಗುತ್ತದೆ. ಹೀಗೆ 28ನೆಯ ಅನುಚ್ಛೇದದ ಗಡಿಯು ಒಂದೇ ಚಿತ್ರದ ನಡುವೆ ಹಾದುಹೋಗುತ್ತದೆ.

ಇದಕ್ಕೆ ಪರಿಹಾರವು ಚಿತ್ರವನ್ನು ಕೈಬಿಡುವುದರಲ್ಲಿಲ್ಲ. ಒಂದರ ಪಕ್ಕಕ್ಕೆ ಇನ್ನೊಂದನ್ನು ಇಡುವುದರಲ್ಲಿದೆ. ಇಟಲಿಯ ಪಿಯೆರ್ ಪಾವೊಲೊ ಪಸೋಲಿನಿ ಮಾರ್ಕ್ಸ್‌ವಾದಿಯೂ ನಾಸ್ತಿಕನೂ ಆಗಿದ್ದು, ಮತ್ತಾಯನ ಸುವಾರ್ತೆಯನ್ನು ಆಧರಿಸಿ 1964ರಲ್ಲಿ ನಿರ್ಮಿಸಿದ ಚಿತ್ರದಲ್ಲಿ ವೃತ್ತಿನಟರಲ್ಲದವರನ್ನೇ ಬಳಸಿ, ಅದನ್ನು 23ನೆಯ ಜಾನ್ ಪೋಪರ ಸ್ಮರಣೆಗೆ ಅರ್ಪಿಸಿದನು. ಸುವಾರ್ತೆಗಳಲ್ಲಿ ಎಲ್ಲಿಯೂ ಯೇಸುವಿನ ಮುಖಚಹರೆಯ ವರ್ಣನೆ ಇಲ್ಲದಿರುವುದರಿಂದ ಪ್ರತಿಯೊಬ್ಬ ನಿರ್ದೇಶಕನೂ ಒಂದು ಮುಖವನ್ನು ಆರಿಸಲೇಬೇಕಾಗುತ್ತದೆ. ಎರಡು ಚಿತ್ರಗಳ ಒಂದೇ ಪ್ರಸಂಗವನ್ನು ಹತ್ತು ಹತ್ತು ನಿಮಿಷ ನೋಡಿದ ವಿದ್ಯಾರ್ಥಿಗೆ ಪರದೆಯ ಮೇಲಿರುವುದು ಕ್ರಿಸ್ತನಲ್ಲ, ಕ್ರಿಸ್ತನ ಒಂದು ವ್ಯಾಖ್ಯಾನವೆಂಬುದು ತಾನಾಗಿ ಮನವರಿಕೆಯಾಗುತ್ತದೆ. ಹಿಂಸೆಯ ದೃಶ್ಯಗಳಿಂದ ತುಂಬಿದ, ಯೆಹೂದ್ಯರ ಚಿತ್ರಣದ ಕಾರಣಕ್ಕೆ ಟೀಕೆಗೊಳಗಾದ 2004ರ ಮೆಲ್ ಗಿಬ್ಸನ್ ಚಿತ್ರದಂಥವು ಹದಿನಾಲ್ಕು ವರ್ಷದ ಮಕ್ಕಳಿಗೆ ತಕ್ಕುವಲ್ಲ.

ಈ ಸೀಮೆಯ ಮಕ್ಕಳಿಗೆ ವ್ಯಾಖ್ಯಾನದ ಈ ಅರಿವು ಅಪರಿಚಿತವೂ ಅಲ್ಲ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಇಂದಿಗೂ ‘ಕುರುಕ್ಷೇತ್ರ’ದಂತಹ ಪೌರಾಣಿಕ ನಾಟಕಗಳನ್ನು ಊರಿನವರೇ ಕಲಿತು ಆಡುತ್ತಾರೆ; ಹಗಲು ಗದ್ದೆಯಲ್ಲಿ ದುಡಿದವನು ರಾತ್ರಿ ಕೃಷ್ಣನಾಗಿ ರಂಗವೇರಿದಾಗ ಪ್ರೇಕ್ಷಕರು ಅವನನ್ನು ಕೃಷ್ಣನೆಂದು ಭಾವಿಸುತ್ತಲೇ ತಮ್ಮೂರಿನವನೆಂಬುದನ್ನೂ ಮರೆಯದೆ ನೋಡುತ್ತಾರೆ. ಸಿನಿಮಾ ನಟನ ಪರಿಚಯವನ್ನು ಮರೆಮಾಡುವುದರಿಂದ ಈ ಎರಡು ನೋಟಗಳಲ್ಲಿ ಒಂದನ್ನು ಕಸಿದುಕೊಳ್ಳುತ್ತದೆ. ಅದನ್ನು ಮರಳಿ ಒದಗಿಸುವುದು ಶಿಕ್ಷಕರ ಕೆಲಸ.

ಆದರೂ ಸಿನಿಮಾ ತಿಳಿಸಿಕೊಡುವುದು ಧರ್ಮದ ಒಂದು ಮುಖವನ್ನು ಮಾತ್ರ. ಬ್ರಿಟನ್ನಿನ ಧರ್ಮಾಧ್ಯಯನಕಾರ ನಿನಿಯನ್ ಸ್ಮಾರ್ಟ್ ಆಚರಣೆ, ಕಥನ, ಅನುಭವ, ಸಿದ್ಧಾಂತ, ನೀತಿ, ಸಾಮಾಜಿಕ ಸಂಘಟನೆ ಎಂಬ ಆಯಾಮಗಳನ್ನು 1969ರಲ್ಲಿ ಗುರುತಿಸಿ, ಮುಂದೆ ಇವಕ್ಕೆ ಕಟ್ಟಡ, ಪ್ರತಿಮೆ ಮುಂತಾದ ಭೌತಿಕ ಆಯಾಮವನ್ನೂ ಸೇರಿಸಿದರು. ಯೇಸುವಿನ ಚಿತ್ರಗಳು ಕಥನದಲ್ಲಿ ನಿಲ್ಲುತ್ತವೆ. ಇಪ್ಪತ್ತು ಶತಮಾನಗಳ ಕ್ರೈಸ್ತರ ಬದುಕು ಅಲ್ಲಿ ಕಾಣುವುದಿಲ್ಲ, ಕರ್ನಾಟಕದ ಕ್ರೈಸ್ತರಂತೂ ಕಾಣುವುದೇ ಇಲ್ಲ. ಈ ಕೊರತೆಯನ್ನು ತುಂಬುವ ಸಾಮಗ್ರಿ ಮೈಸೂರು ಸೀಮೆಯಲ್ಲಿಯೇ ಹೇರಳವಾಗಿದೆ. 17ನೆಯ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ಬರೆದುದು, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಶಂಕುಸ್ಥಾಪನೆ ಮಾಡಿದುದು, ಕೃಷ್ಣರಾಜನಗರ ತಾಲ್ಲೂಕಿನ ಡೋರನಹಳ್ಳಿಯಲ್ಲಿ ಹೊಲ ಉಳುವ ರೈತನಿಗೆ ಸಿಕ್ಕಿತೆಂದು ಹೇಳಲಾಗುವ ಸಂತ ಅಂತೋಣಿಯವರ ಪ್ರತಿಮೆಯ ಸುತ್ತ ಬೆಳೆದ ಪುಣ್ಯಕ್ಷೇತ್ರಕ್ಕೆ ಎಲ್ಲ ಮತದವರೂ ಹರಕೆ ಹೊತ್ತು ಬರುವುದು, ಇವು ಕ್ರೈಸ್ತ ಧರ್ಮವು ಈ ನೆಲದಲ್ಲಿ ತಳೆದ ರೂಪವನ್ನು ತಿಳಿಸುತ್ತವೆ. ಶಬ್ದಕೋಶದಿಂದ ಹೆಸರಾದ ಕಿಟೆಲ್ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳಿದ ‘ಕಥಾಮಾಲೆ’ 1862ರದು. ಕ್ರೈಸ್ತರಲ್ಲದ ಮಂಜೇಶ್ವರದ ಗೋವಿಂದ ಪೈಗಳು ಶಿಲುಬೆಯ ಮರಣವನ್ನು ಕುರಿತು ‘ಗೊಲ್ಗೊಥಾ’ ಖಂಡಕಾವ್ಯ ರಚಿಸಿದರು. ನಂಬದೆಯೂ ಒಂದು ಧರ್ಮದ ಕೇಂದ್ರಕ್ಕೆ ಆಳವಾಗಿ ಹೊಕ್ಕು ಬರಬಹುದೆಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ವಿರಳ.

ಹೊರಗಿನಿಂದ ವಿವರಿಸುವ ಈ ಕ್ರಮವು ಧರ್ಮವನ್ನು ವಸ್ತುಸಂಗ್ರಹಾಲಯದ ಮಾದರಿಯಾಗಿಸುತ್ತದೆಂಬ ಆಕ್ಷೇಪ ಉಂಟು. ತರಗತಿಯಲ್ಲಿರುವ ಒಬ್ಬಳೇ ಕ್ರೈಸ್ತ ಬಾಲಕಿಗೆ, ತಾನು ಪ್ರತಿ ಭಾನುವಾರ ಪ್ರಾರ್ಥಿಸುವ ದೇವರು ಚರ್ಚೆಯ ವಿಷಯವಾಗುವುದು ನೋವನ್ನೂ ತರಬಹುದು. ಸ್ಮಾರ್ಟ್ ಹೇಳಿದ ‘ವಿಧಾನಾತ್ಮಕ ಅಜ್ಞೇಯವಾದ’, ಎಂದರೆ ನಂಬಿಕೆ ಸತ್ಯವೋ ಅಲ್ಲವೋ ಎಂಬ ತೀರ್ಪನ್ನು ಅಧ್ಯಯನದ ಹೊತ್ತಿಗೆ ಬದಿಗಿಡುವ ಕ್ರಮ, ಇಲ್ಲಿ ನೆರವಾಗುತ್ತದೆ. ಅದು ನಂಬಿಕೆಯನ್ನು ನಿರಾಕರಿಸುವುದಿಲ್ಲ, ನಂಬುವವರ ಕಾರಣಗಳನ್ನು ಅವರದೇ ಬಲದೊಡನೆ ಮಂಡಿಸಬೇಕೆಂದು ಒತ್ತಾಯಿಸುತ್ತದೆ. ಆ ಬಾಲಕಿಯನ್ನು ಇಡೀ ಧರ್ಮದ ಪ್ರತಿನಿಧಿಯಾಗಿ ಎದ್ದು ನಿಲ್ಲಿಸದಿರುವುದೂ ಈ ಕ್ರಮದ ಭಾಗವೇ ಆಗಿದೆ.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಪಾಠಕ್ಕೆ ಇನ್ನೊಂದು ಹೊರೆಯೂ ಇದೆ. ಇವೆರಡರ ಹೆಸರಿನ ವಿಧಾನಸಭಾ ಕ್ಷೇತ್ರಗಳೂ ಪರಿಶಿಷ್ಟ ಜಾತಿಗೆ ಮೀಸಲಾಗಿವೆ. ಕ್ರೈಸ್ತ ಧರ್ಮ ಸ್ವೀಕರಿಸಿದ ದಲಿತರಿಗೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ದೊರೆಯುವುದಿಲ್ಲವಾದ್ದರಿಂದ, ಸಮಾನತೆಯ ಉಪದೇಶವೆಂಬುದು ಇಲ್ಲಿ ಕೇವಲ ತಾತ್ತ್ವಿಕ ವಿಷಯವಾಗಿ ಉಳಿಯುವುದಿಲ್ಲ. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ, ಯೆಹೂದ್ಯರು ಬೆರೆಯದ ಸಮಾರ್ಯ ಜನಾಂಗದ ಹೆಂಗಸಿನಿಂದ ಯೇಸು ಬಾವಿಯ ಬಳಿ ಕುಡಿಯಲು ನೀರು ಕೇಳುವ ಪ್ರಸಂಗವನ್ನು, 1927ರಲ್ಲಿ ಅಂಬೇಡ್ಕರರು ದಲಿತರಿಗೆ ಮುಟ್ಟಗೊಡದಿದ್ದ ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದ ಘಟನೆಯೊಡನೆ ಓದಿಸಬಹುದು. ಹಾಗೆ ಓದಿಸುವಾಗ ಭಾರತೀಯ ಚರ್ಚುಗಳೊಳಗೂ ಜಾತಿಭೇದ ಉಳಿದಿರುವುದನ್ನು ಮರೆಮಾಚಬಾರದು. ಆದರ್ಶ ಮತ್ತು ಆಚರಣೆಗಳ ನಡುವಿನ ಅಂತರವನ್ನು ತೋರಿಸದ ಪಾಠವು ತನಗರಿವಿಲ್ಲದೆಯೇ ಪ್ರಚಾರವಾಗುತ್ತದೆ.

ಆದ್ದರಿಂದ ಪಾಠದ ಯಶಸ್ಸಿಗೆ ಎರಡು ಒರೆಗಲ್ಲುಗಳನ್ನು ಸೂಚಿಸಬಹುದು: ವಿದ್ಯಾರ್ಥಿಯು ಬರೆದ ವಿವರಣೆಯನ್ನು ಓದಿದ ಕ್ರೈಸ್ತರು ಅದು ತಮ್ಮ ಧರ್ಮದ ನ್ಯಾಯವಾದ ಚಿತ್ರಣವೆಂದು ಒಪ್ಪಬೇಕು, ಅದನ್ನು ಬರೆಯಲು ಕ್ರೈಸ್ತನಲ್ಲದ ವಿದ್ಯಾರ್ಥಿಯು ತನ್ನ ನಂಬಿಕೆಯನ್ನು ಕಿಂಚಿತ್ತೂ ಬಿಟ್ಟುಕೊಡಬೇಕಾಗಿರಬಾರದು. ಆದರೆ ಈ ಒರೆಗಲ್ಲುಗಳು ಕ್ರೈಸ್ತ ಧರ್ಮದ ಅಧ್ಯಾಯಕ್ಕೆ ಮಾತ್ರ ಅನ್ವಯವಾಗಿ, ಬಹುಸಂಖ್ಯಾತರ ದೇವರುಗಳ ಮಹಿಮೆಯನ್ನು ಶಾಲೆಯು ಇದ್ದದ್ದು ಇದ್ದಹಾಗೆಯೇ ಸತ್ಯವೆಂದು ಹೇಳುತ್ತಾ ಹೋದರೆ, ‘ಅವರು ನಂಬುತ್ತಾರೆ’ ಎಂಬ ಎಚ್ಚರದ ವಾಕ್ಯವೇ ಅವರನ್ನು ಹೊರಗಿನವರೆಂದು ಗುರುತಿಸುವ ಸಾಧನವಾಗುತ್ತದೆ. ನಂಜನಗೂಡಿನ ಶ್ರೀಕಂಠೇಶ್ವರನ ಮಹಿಮೆಯ ಕಥೆಯನ್ನು ಹೇಳುವಾಗಲೂ ಅದೇ ಎಚ್ಚರವನ್ನು ಪಾಲಿಸುವ ಶಾಲೆಯಲ್ಲಿ ಮಾತ್ರ ಯೇಸುವಿನ ಚಿತ್ರವನ್ನು ತೋರಿಸುವುದು ಶಿಕ್ಷಣವೆನಿಸಿಕೊಳ್ಳುತ್ತದೆ.