ವಲಸೆಯೂ ವಚನಪಾಲನೆಯೂ

ಹೊಟ್ಟೆಪಾಡಿಗಾಗಿ ಊರು ಬಿಡುವುದು ನಮಗೆ ಹೊಸತಲ್ಲ. ಈ ಪತ್ರಿಕೆಯನ್ನು ಓದುವ ಬಹುಪಾಲು ಕುಟುಂಬಗಳ ಹಿರಿಯರು ಉಡುಪಿ, ಧಾರವಾಡ, ವಿಜಯಪುರ, ರಾಯಚೂರುಗಳ ಕಡೆಯಿಂದ ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿಯೊಡನೆ ಈ ಮಹಾನಗರಗಳಿಗೆ ಬಂದಿಳಿದವರೇ. ಹಿಂದಿನ ತಲೆಮಾರುಗಳಲ್ಲಿ ಮಗನನ್ನು ಪರದೇಶಕ್ಕೆ ಕಳುಹಿಸುವ ಪ್ರಸಂಗ ಬಂದರೆ, ಸಮುದ್ರವನ್ನು ದಾಟಬಹುದೇ ಎಂಬ ಪ್ರಶ್ನೆ ಮೊದಲು ಏಳುತ್ತಿತ್ತು. ಇಂದು ಅದನ್ನು ಕೇಳುವವರು ವಿರಳ. ಆದರೆ ಅದರ ಸ್ಥಾನದಲ್ಲಿ ಬೇರೊಂದು ಪ್ರಶ್ನೆ ಹುಟ್ಟಿಕೊಂಡಿದೆ. ದಾಟುವುದಕ್ಕಾಗಿ ಕೊಟ್ಟ ಮಾತನ್ನು ದಾಟಿದ ಮೇಲೆ ನಡೆಸುತ್ತೇವೆಯೇ? ಈ ಪ್ರಶ್ನೆಯನ್ನು ವಾಚಕರೊಡನೆ ಕೂಡಿ ಆಲೋಚಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಕಳೆದ ವರ್ಷ ಚಾತುರ್ಮಾಸ್ಯದ ದಿನಗಳಲ್ಲಿ ಪುಣೆಯಲ್ಲಿರುವ ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ಅವರ ಏಕಮಾತ್ರ ಪುತ್ರ ಸಾಫ್ಟ್‌ವೇರ್ ಇಂಜಿನಿಯರ್, ವಿವಾಹಿತ. ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸುವ ಅಪೇಕ್ಷೆಯಿಂದ, ನುರಿತ ವೃತ್ತಿಪರರಿಗಾಗಿ ಇರುವ ವೀಸಾಗಳ ವಿಚಾರದಲ್ಲಿ ತೊಡಗಿದ್ದ. ಅಲ್ಲಿ ಅಂಕಗಳ ಪದ್ಧತಿ ಇದೆ. ವಯಸ್ಸು, ವಿದ್ಯೆ, ಅನುಭವ, ಇಂಗ್ಲಿಷ್ ಭಾಷೆಯ ಪ್ರಾವೀಣ್ಯ, ಇವೆಲ್ಲಕ್ಕೂ ಅಂಕಗಳುಂಟು. ಕನಿಷ್ಠ 65 ಬೇಕು. ಪೈಪೋಟಿಯ ಕಾರಣದಿಂದ ಅಷ್ಟಕ್ಕೇ ಕರೆ ಬರುವುದು ಅಪರೂಪ. 25ರಿಂದ 32ರವರೆಗಿನ ವಯಸ್ಸಿಗೆ 30 ಅಂಕ; 33 ತುಂಬಿದೊಡನೆ ಅದು 25ಕ್ಕೆ ಇಳಿಯುತ್ತದೆ. ಹುಡುಗನಿಗೆ 33 ತುಂಬಲು ಮೂರೇ ತಿಂಗಳು ಉಳಿದಿತ್ತು.

ಮಾರ್ಗಗಳು ಮೂರು. 189 ಎಂಬ ಸಂಖ್ಯೆಯ ವೀಸಾಕ್ಕೆ ಯಾರ ಶಿಫಾರಸೂ ಬೇಡ. ಸ್ವಂತ ಅಂಕಗಳ ಬಲದಿಂದಲೇ ಕಾಯಂ ನಿವಾಸದ ಹಕ್ಕು ದೊರೆಯುತ್ತದೆ. 190ರಲ್ಲಿ ಅಲ್ಲಿನ ಒಂದು ರಾಜ್ಯ ನಮ್ಮನ್ನು ಆರಿಸಿ ಶಿಫಾರಸು ಮಾಡುತ್ತದೆ; ಅದರಿಂದ 5 ಅಂಕ ಹೆಚ್ಚುತ್ತವೆ, ಇದೂ ಕಾಯಂ ಹಕ್ಕೇ. 491ರಲ್ಲಿ 15 ಅಂಕ ಹೆಚ್ಚುತ್ತವೆ, ಆದರೆ ಅದು ಐದು ವರ್ಷಗಳ ತಾತ್ಕಾಲಿಕ ವೀಸಾ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಮಹಾನಗರಗಳ ಹೊರಗಿನ ಪ್ರದೇಶಗಳಲ್ಲೇ ಇರಬೇಕು. ಮೂರು ವರ್ಷ ಕಳೆದ ಬಳಿಕ ಕಾಯಂ ಹಕ್ಕಿಗೆ ಅರ್ಜಿ ಹಾಕಬಹುದು.

ಇವುಗಳಲ್ಲಿ 190ರ ರೀತಿ ವಿಚಾರಾರ್ಹ. ಶಿಫಾರಸು ಕೊಡುವ ರಾಜ್ಯ, ಸಾಮಾನ್ಯವಾಗಿ ಎರಡು ವರ್ಷ ಅಲ್ಲಿಯೇ ವಾಸಿಸಿ ದುಡಿಯುವುದಾಗಿ ಅರ್ಜಿದಾರನಿಂದ ಒಪ್ಪಿಗೆ ಪಡೆಯುತ್ತದೆ. ಆದರೆ 491ರಂತೆ ಆ ನಿಬಂಧನೆ ವೀಸಾದ ಷರತ್ತುಗಳಲ್ಲಿ ಸೇರಿಲ್ಲ. ಅರ್ಥಾತ್, ಮಾತು ಇದೆ. ಅದರ ಹಿಂದೆ ದಂಡ ಇಲ್ಲ. ಹುಡುಗನಿಗೆ ಏಜೆಂಟರು ಹೇಳಿಕೊಟ್ಟ ಉಪಾಯ ಇಲ್ಲಿಂದಲೇ ಹುಟ್ಟಿದ್ದು. ಅಡಿಲೇಡ್ ರಾಜಧಾನಿಯಾಗಿರುವ ದಕ್ಷಿಣ ಆಸ್ಟ್ರೇಲಿಯಾದ ಶಿಫಾರಸು ಪಡೆಯುವುದು, ಅಲ್ಲಿ ಒಮ್ಮೆ ಇಳಿಯುವುದು, ನಾಲ್ಕು ದಿನ ಕಳೆದು ಹೆಂಡತಿಯ ಅಣ್ಣನಿರುವ ಮೆಲ್ಬರ್ನಿಗೆ ವಿಮಾನ ಹತ್ತುವುದು.

“ಇಳದ ಮ್ಯಾಲೆ ಯಾರು ಕೇಳ್ತಾರ, ಕಾಕಾ? ಎಲ್ಲಾರೂ ಹಿಂಗ ಮಾಡ್ತಾರ” ಎಂದ. ಅವನು ಕೆಟ್ಟ ಹುಡುಗನಲ್ಲ. ಅಂಗಡಿಯವನು ಹತ್ತು ರೂಪಾಯಿ ಹೆಚ್ಚು ಕೊಟ್ಟರೆ ಹಿಂದಿರುಗಿ ಹೋಗಿ ಕೊಟ್ಟು ಬರುವವನು. ಆದುದರಿಂದಲೇ ಅವನ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಪರದೇಶದಲ್ಲಿ ನೆಲೆಸಲು ಬಯಸುವುದು ದೋಷವಲ್ಲ. ಕೆಲಸದ ವೀಸಾವನ್ನು ಅದಕ್ಕೆ ಮೆಟ್ಟಿಲಾಗಿಸಿಕೊಳ್ಳುವುದೂ ದೋಷವಲ್ಲ. ಅಮೆರಿಕೆಯ ಎಚ್-1ಬಿ ತಾತ್ಕಾಲಿಕ ವೀಸಾ. ಆದರೂ ಅದನ್ನು ಪಡೆದವನು ಗ್ರೀನ್ ಕಾರ್ಡನ್ನು ಅಪೇಕ್ಷಿಸಬಹುದೆಂದು ಆ ದೇಶದ 1990ರ ವಲಸೆ ಕಾಯಿದೆಯೇ ಒಪ್ಪಿದೆ. ಅಲ್ಲಿ ಮುಚ್ಚಿಡುವುದೇನೂ ಇಲ್ಲ. ದೋಷವಿರುವುದು ಆಶೆಯಲ್ಲಲ್ಲ, ನಡೆಸುವ ಮನಸ್ಸೇ ಇಲ್ಲದೆ ಕೊಡುವ ಮಾತಿನಲ್ಲಿ.

ಇದು ಕೇವಲ ಒಂದು ಫಾರಂ, ಮನುಷ್ಯನಿಗೆ ಕೊಟ್ಟ ಮಾತಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಫಾರಂನ ಆಚೆಗೂ ಮನುಷ್ಯರೇ ಇದ್ದಾರೆ. ಪ್ರತಿ ರಾಜ್ಯಕ್ಕೂ ವರ್ಷಕ್ಕೆ ಇಂತಿಷ್ಟೇ ಶಿಫಾರಸುಗಳೆಂದು ಮಿತಿ ಇರುತ್ತದೆ. ತನ್ನ ಊರುಗಳಿಗೆ ದಾದಿಯರು, ಶಿಕ್ಷಕರು, ಇಂಜಿನಿಯರರು ಬೇಕೆಂದು ಅದು ಆ ಸ್ಥಾನಗಳನ್ನು ಹಂಚುತ್ತದೆ. ಇಳಿದ ವಾರವೇ ಹೊರಟುಹೋದವನು, ಅಲ್ಲಿಯೇ ಉಳಿಯಲು ಸಿದ್ಧನಾಗಿದ್ದ ಇನ್ನೊಬ್ಬನ ಸ್ಥಾನವನ್ನು ಕಸಿದಂತಾಯಿತು. ಆ ಇನ್ನೊಬ್ಬ ನಮ್ಮ ಪಕ್ಕದ ಮನೆಯ ಹುಡುಗನೇ ಆಗಿರಬಹುದು. ಇಂತಹವರ ಸಂಖ್ಯೆ ಬೆಳೆದಷ್ಟೂ ಮುಂದೆ ಬರುವವರ ಮೇಲೆ ಸಂಶಯ ಬೆಳೆಯುತ್ತದೆ.

ದಂಡವಿಲ್ಲದ ಮಾತು ಮಾತೇ ಅಲ್ಲವೆಂದರೆ ನಮ್ಮ ಮಕ್ಕಳಿಗೆ ಗೋವಿನ ಹಾಡನ್ನು ಏಕೆ ಕಲಿಸಿದೆವು? ಕರುವಿಗೆ ಹಾಲುಣಿಸಿ ಬರುತ್ತೇನೆಂದು ಹೋದ ಪುಣ್ಯಕೋಟಿಯನ್ನು ಹುಲಿ ದೊಡ್ಡಿಯವರೆಗೆ ಅಟ್ಟಿಕೊಂಡು ಹೋಗಲಾರದು. ಮರಳಿ ಹೋಗುವಂತೆ ಅವಳನ್ನು ಬಲಾತ್ಕರಿಸುವವರೂ ಇರಲಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಆ ಕಥೆಗೆ ಕಣ್ಣೊರೆಸಿಕೊಂಡ ನಾವು, ಮಗನ ವೀಸಾದ ವಿಷಯ ಬಂದಾಗ ‘ಯಾರು ಕೇಳುತ್ತಾರೆ’ ಎನ್ನುವುದಾದರೆ ಮಗು ಯಾವುದನ್ನು ಪಾಠವೆಂದು ತಿಳಿಯಬೇಕು?

ಆದರೂ ಎದುರುಪಕ್ಷದಲ್ಲಿ ಬಲವಿಲ್ಲವೆನ್ನಲಾರೆ. ಶಿಫಾರಸು ಕೊಟ್ಟ ರಾಜ್ಯ ಕೆಲಸ ಕೊಡಿಸುವ ಹೊಣೆ ಹೊರುವುದಿಲ್ಲ. ಕೈಯಲ್ಲಿದ್ದ ಹಣ ಮುಗಿಯುತ್ತ ಬಂದರೂ ಕೆಲಸ ಸಿಗದಿದ್ದರೆ ಹೆಂಡತಿ ಮಕ್ಕಳನ್ನು ಉಪವಾಸ ಕೆಡವಿ ಅಲ್ಲಿಯೇ ಕೂರಬೇಕೆಂದು ಯಾವ ಧರ್ಮವೂ ಹೇಳದು. ನಡೆಸಲು ಯತ್ನಿಸಿ ಸೋತ ಮಾತಿಗೂ, ನಡೆಸುವ ಸಂಕಲ್ಪವೇ ಇಲ್ಲದೆ ಕೊಟ್ಟ ಮಾತಿಗೂ ಇರುವ ಅಂತರ ಬಹಳ. ಮೊದಲನೆಯವನು ತನ್ನ ಸ್ಥಿತಿಯನ್ನು ಆ ರಾಜ್ಯದ ಅಧಿಕಾರಿಗಳಿಗೆ ಬಿಚ್ಚಿ ಬರೆದು ಹೊರಡಬಹುದು. ಅವನಿಗೆ ಮುಚ್ಚಿಡುವಂಥದ್ದು ಏನೂ ಇಲ್ಲ. ಎರಡನೆಯವನು ಸಹಿ ಹಾಕುವ ಕ್ಷಣದಲ್ಲೇ ಮಾತನ್ನು ಮುರಿದಿದ್ದಾನೆ.

ಅಂದು ಸಂಜೆ ಇನ್ನೊಂದು ಮಾತೂ ನಡೆಯಿತು. ದೇವರ ದೀಪ ಹಚ್ಚಿ ಬಂದ ತಾಯಿ, ಮತ್ತೆ ಬರುವುದು ಯಾವಾಗ ಎಂದು ಕೇಳಿದರು. “ಐದು ವರ್ಷ ಅಷ್ಟ, ಅಮ್ಮಾ. ತಿರುಗಿ ಬಂದ ಬಿಡ್ತೀನಿ” ಎಂದ ಮಗ. ತಂದೆ ಏನೂ ಹೇಳದೆ ಪಂಚಾಂಗದ ಹಾಳೆ ಮಗುಚುತ್ತಿದ್ದರು. ತಂದೆತಾಯಿಯರು ಅಲ್ಲಿ ಕಾಯಂ ಇರಬೇಕಾದರೆ ಭಾರಿ ಶುಲ್ಕ ತೆತ್ತು ಹಲವು ವರ್ಷ ಕಾಯಬೇಕು. ಶುಲ್ಕ ಕಡಿಮೆಯಿರುವ ವೀಸಾಕ್ಕೆ ದಶಕಗಳೇ ಹಿಡಿಯುತ್ತವೆ. ಎಪ್ಪತ್ತರ ಸಮೀಪದಲ್ಲಿರುವವರಿಗೆ ಆ ಲೆಕ್ಕದ ಅರ್ಥ ಬೇರೆ ಹೇಳಬೇಕಾಗಿಲ್ಲ. ಆಗ ನನಗೆ ಹೊಳೆಯಿತು: ಅಡಿಲೇಡಿಗೆ ಎರಡು ವರ್ಷದ ಮಾತು, ತಾಯಿಗೆ ಐದು ವರ್ಷದ ಮಾತು, ಎರಡೂ ಒಂದೇ ನಾಲಿಗೆಯಿಂದ ಅಷ್ಟೇ ಹಗುರವಾಗಿ ಬಂದಿದ್ದವು. ಪರರಿಗೆ ಸುಳ್ಳಾಡಿ ಮನೆಯವರಿಗೆ ಮಾತ್ರ ನಿಜವಾಡುತ್ತೇನೆಂಬುದು ಬಹುಕಾಲ ನಿಲ್ಲುವ ವ್ಯವಸ್ಥೆಯಲ್ಲ.

ಹೊರಡುವಾಗ ಹುಡುಗನಿಗೆ ಇಷ್ಟೇ ಹೇಳಿದೆ: “ಯಾವ ವೀಸಾ ಬೇಗ ಸಿಗುತ್ತದೆಂದು ನೋಡಬೇಡ. ಯಾವುದರ ಮಾತನ್ನು ನೀನೂ ನಿನ್ನ ಹೆಂಡತಿಯೂ ನಡೆಸಬಲ್ಲಿರಿ ಎಂದು ನೋಡು. ಅಮ್ಮನಿಗೂ ಹಾಗೆಯೇ, ತಿಳಿದಷ್ಟನ್ನೇ ಹೇಳು.”

ಅವನು ಆ ಏಜೆಂಟರ ಮೂಲಕ ಅರ್ಜಿ ಹಾಕಲಿಲ್ಲ. ದಂಪತಿಗಳಿಬ್ಬರೂ ಕೂತು ಅಡಿಲೇಡಿನ ಕೆಲಸಗಳು, ಬಾಡಿಗೆ, ಶಾಲೆ ಎಲ್ಲವನ್ನೂ ವಿಚಾರಿಸುವುದರಲ್ಲಿ ತಿಂಗಳುಗಳು ಕಳೆದವು. ಹುಟ್ಟುಹಬ್ಬ ಬಂದು ಹೋಯಿತು, 5 ಅಂಕಗಳೂ ಹೋದವು. ಆ ನಷ್ಟದಲ್ಲಿ ನನ್ನ ಮಾತಿನ ಪಾಲೂ ಇದೆ. ಅದನ್ನು ನೆನೆದು ನನಗೆ ಹಲವು ರಾತ್ರಿ ನಿದ್ರೆ ಬರಲಿಲ್ಲ. ಕೊನೆಗೆ, ಎರಡು ವರ್ಷ ಅಲ್ಲಿಯೇ ಇರುವುದೆಂದು ಇಬ್ಬರೂ ನಿಶ್ಚಯಿಸಿ, ಅದೇ ರಾಜ್ಯದ ಶಿಫಾರಸನ್ನು ಕೋರಿದ್ದಾರೆ. ಕರೆ ಇನ್ನೂ ಬಂದಿಲ್ಲ, ಬರದೆಯೂ ಹೋಗಬಹುದು. ತಾಯಿಗೆ ಅವನು ಈಗ ವರ್ಷದ ಲೆಕ್ಕ ಹೇಳುವುದಿಲ್ಲವಂತೆ. ‘ಯಾವಾಗ ತಿರುಗಿ ಬರ್ತೀನಿ ಅಂತ ಗೊತ್ತಿಲ್ಲ ಅಮ್ಮಾ, ಆದರ ವರ್ಷಕ್ಕೊಮ್ಮೆ ಬಂದ ಹೋಗ್ತೀನಿ’ ಎಂದನಂತೆ. ಆ ಮಾತು ಕೇಳಿ ಅವರು ಅತ್ತರೆಂದೂ, ಆದರೆ ಅಂದಿನಿಂದ ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲವೆಂದೂ ಮಿತ್ರರು ಪತ್ರ ಬರೆದಿದ್ದಾರೆ.

ನಮ್ಮ ಮನೆಗಳಲ್ಲಿ ಇಂತಹ ಅರ್ಜಿಗಳು ಇಂದೂ ಸಿದ್ಧವಾಗುತ್ತಿವೆ. ಅಂಕಗಳನ್ನು ಕೂಡಿಸುವ ಹೊತ್ತಿನಲ್ಲಿ, ಸಹಿ ಹಾಕಬೇಕಾದ ಸಾಲುಗಳನ್ನು ಮನೆಯವರೆಲ್ಲ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳುವುದು ಒಳ್ಳೆಯದು.