ಮುಖ ನೋಡದೆ ಮಣೆ

ಮುಖ ನೋಡಿ ಮಣೆ ಹಾಕುವುದು ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಇದನ್ನು ಕಾಣದವರು ಯಾರಿದ್ದಾರೆ? ಕಾರಿನಿಂದ ಇಳಿದವರಿಗೆ ಮೊದಲ ಪಂಕ್ತಿ, ಬಸ್ಸಿನಿಂದ ಇಳಿದವರಿಗೆ ಮೂರನೆಯದು. ಹೆಂಗಸರಿಗಂತೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯನ್ನು ಕೂರಿಸಿ ‘ಒಂದು ಹಾಡು ಹೇಳಮ್ಮ’ ಎನ್ನುತ್ತಿದ್ದ ಕಾಲವನ್ನು ನನ್ನ ವಯಸ್ಸಿನವರು ಮರೆತಿಲ್ಲ. ಹುಡುಗಿ ಹಾಡುತ್ತಾಳೆ, ಎದುರಿಗೆ ಕುಳಿತವರು ಬಣ್ಣ ನೋಡುತ್ತಾರೆ, ಎತ್ತರ ನೋಡುತ್ತಾರೆ, ಜಡೆಯ ಉದ್ದ ನೋಡುತ್ತಾರೆ. ಕೇಸರಿಬಾತಿನ ತಟ್ಟೆ ಖಾಲಿಯಾಗುವ ಹೊತ್ತಿಗೆ ಹಾಡೂ ಮುಗಿದಿರುತ್ತದೆ. ಅವಳು ಶ್ರುತಿ ತಪ್ಪಿದಳೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಯಾಕೆಂದರೆ ಅವರು ಕೇಳಲೇ ಇಲ್ಲ.

ಹಾಗಾದರೆ ಒಬ್ಬರನ್ನು ನ್ಯಾಯವಾಗಿ ಅಳೆಯಬೇಕೆಂದರೆ ಅವರ ಮುಖ ನೋಡದೆ ಇರುವುದೇ ದಾರಿಯೇ? ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದು ನಮ್ಮೂರಿನಲ್ಲಲ್ಲ, ದೂರದ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಶಾಲಾ ಬ್ಯಾಂಡಿನ ಮಕ್ಕಳ ನಡುವೆ.

ನನ್ನ ಅಕ್ಕನ ಮಗಳು ಸಂಸಾರ ಹೂಡಿರುವುದು ಆ ರಾಜ್ಯದಲ್ಲಿ. ನಮ್ಮ ಶಾಲೆಗಳಲ್ಲಿ ಬ್ಯಾಂಡ್ ಎಂದರೆ ಆಗಸ್ಟ್ 15ರ ಪೆರೇಡಿಗೆ ಅಟ್ಟದಿಂದ ಇಳಿಯುವ ಡ್ರಮ್ಮು, ಬ್ಯೂಗಲ್ಲು. ಅಲ್ಲಿ ಹಾಗಲ್ಲ. ಗಣಿತ, ಚರಿತ್ರೆಯ ಹಾಗೆ ಬ್ಯಾಂಡ್ ಕೂಡ ಒಂದು ಪಾಠ. ಮಕ್ಕಳು ಸಾಮಾನ್ಯವಾಗಿ ಆರನೆಯ ತರಗತಿಯಲ್ಲಿ ಒಂದು ವಾದ್ಯ ಹಿಡಿಯುತ್ತಾರೆ. ಈ ಪಾಠ ಹೇಳುವ ಮೇಷ್ಟ್ರುಗಳು 1920ರಲ್ಲಿ ಕಟ್ಟಿಕೊಂಡ ಬ್ಯಾಂಡ್ ಶಿಕ್ಷಕರ ಸಂಘವೇ ಬೆಳೆದು ಇವತ್ತು ಟೆಕ್ಸಾಸ್ ಮ್ಯೂಸಿಕ್ ಎಜುಕೇಟರ್ಸ್ ಅಸೋಸಿಯೇಷನ್ ಆಗಿದೆ. ಫೆಬ್ರವರಿಯಲ್ಲಿ ಸ್ಯಾನ್ ಆಂಟೋನಿಯೋ ನಗರದಲ್ಲಿ ಅದರ ಸಮ್ಮೇಳನ. ರಾಜ್ಯದ ಮೂಲೆಮೂಲೆಯಿಂದ ಸಾವಿರಾರು ಮೇಷ್ಟ್ರುಗಳು ಬರುತ್ತಾರೆ. ಜೊತೆಗೆ ಇಡೀ ರಾಜ್ಯದಿಂದ ಆರಿಸಿ ತೆಗೆದ ಮಕ್ಕಳೂ ಬಂದು, ಮೂರು ದಿನ ಅಭ್ಯಾಸ ಮಾಡಿ, ಕೊನೆಯ ದಿನ ಕಛೇರಿ ಕೊಡುತ್ತಾರೆ.

ಆ ಆಯ್ಕೆ ನಡೆಯುವ ಬಗೆ ಕೇಳಿ. ಯಾವ ವಾದ್ಯಕ್ಕೆ ಯಾವ ಪಾಠ ಎಂಬುದನ್ನು ಬೇಸಿಗೆಯಲ್ಲೇ ಪ್ರಕಟಿಸುತ್ತಾರೆ. ಎಲ್ಲ ಊರಿಗೂ ಒಂದೇ ಪಾಠ. ಬ್ಯಾಂಡು, ಆರ್ಕೆಸ್ಟ್ರಾ, ಗಾಯನ ಮೂರೂ ಸೇರಿ 70,000ಕ್ಕೂ ಹೆಚ್ಚು ಮಕ್ಕಳು ಪರೀಕ್ಷೆಗೆ ನಿಲ್ಲುತ್ತಾರೆ. ಹಂತ ಹಂತವಾಗಿ ಜರಡಿ ಹಿಡಿದು ಕೊನೆಗೆ ಉಳಿಯುವವರು 2,000ದಷ್ಟೂ ಇಲ್ಲ. ಬ್ಯಾಂಡಿನ ಪರೀಕ್ಷೆಯ ಕೋಣೆಯಲ್ಲಿ ತೀರ್ಪುಗಾರರಿಗೆ ಮಗು ಕಾಣುವಂತಿಲ್ಲ. ನಡುವೆ ಪರದೆ. ಮಗುವಿಗೆ ಹೆಸರಿಲ್ಲ, ಒಂದು ಸಂಖ್ಯೆ ಅಷ್ಟೆ. ಬಾಯಿಬಿಟ್ಟು ಮಾತಾಡುವಂತೆಯೂ ಇಲ್ಲ. ಏನಾದರೂ ಕೇಳಬೇಕಿದ್ದರೆ ಕೋಣೆಯಲ್ಲಿರುವ ಸಹಾಯಕರ ಹತ್ತಿರ ಮೆಲ್ಲಗೆ ಹೇಳಿಕೊಳ್ಳಬೇಕು. ಹುಡುಗನೋ ಹುಡುಗಿಯೋ, ಕರಿಯನೋ ಬಿಳಿಯನೋ, ಯಾವ ಶಾಲೆಯೋ, ಒಂದೂ ತಿಳಿಯಕೂಡದು. ಕೇಳಬೇಕಾದ್ದು ನಾದವೊಂದೇ.

ಅಕ್ಕನ ಮೊಮ್ಮಗಳು ಆರಿಸಿಕೊಂಡದ್ದು ಟ್ಯೂಬಾ. ನಮ್ಮ ನೀರೊಲೆಯ ಹಂಡೆಗೆ ಕೊಳವೆ ಸುತ್ತಿದ ಹಾಗೆ ಇರುವ ದೊಡ್ಡ ಹಿತ್ತಾಳೆ ವಾದ್ಯ ಅದು. ತೊಡೆಯ ಮೇಲಿಟ್ಟುಕೊಂಡರೆ ಹುಡುಗಿಯೇ ಕಾಣುವುದಿಲ್ಲ. ಅಕ್ಕ ಫೋನಿನಲ್ಲಿ ‘ಹೆಣ್ಣು ಮಗುವಿಗೆ ಕೊಳಲೋ ಪಿಟೀಲೋ ಕೊಡಿಸೋದು ಬಿಟ್ಟು ಇದೇನೇ ಇದು’ ಎಂದು ಮಗಳನ್ನು ಬೈದಿದ್ದಳು. ಅಮೆರಿಕದಲ್ಲೂ ಕೊಳಲು ಹುಡುಗಿಯರಿಗೆ, ಟ್ಯೂಬಾ ಹುಡುಗರಿಗೆ ಎಂಬ ನಂಬಿಕೆ ಇದ್ದೇ ಇದೆ. ಪರದೆಯ ಆಚೆ ಕುಳಿತವರಿಗೆ ಮಾತ್ರ ಆ ತುಂಬು ಸ್ವರ ಯಾರದೆಂದು ಗೊತ್ತಾಗುವಂತಿಲ್ಲ. ಅವಳು ಗೆದ್ದಳು.

ಈ ಪರದೆ ಎಷ್ಟು ದೊಡ್ಡ ಕೆಲಸ ಮಾಡಬಲ್ಲದು ಎಂಬುದಕ್ಕೆ ಅಬ್ಬಿ ಕೊನಂಟ್ ಎಂಬಾಕೆಯ ಕಥೆ ಒಂದೇ ಸಾಕು. 1980ರಲ್ಲಿ ಜರ್ಮನಿಯ ಮ್ಯೂನಿಕ್ ಫಿಲ್‌ಹಾರ್ಮೋನಿಕ್ ಎಂಬ ದೊಡ್ಡ ವಾದ್ಯವೃಂದಕ್ಕೆ ಟ್ರಾಂಬೋನ್ ನುಡಿಸುವವರು ಬೇಕಾಗಿದ್ದರು. ಹೆಸರು ನೋಡಿ ಗಂಡಸೆಂದು ತಿಳಿದು ‘ಶ್ರೀಮಾನ್’ ಎಂದೇ ಅವರಿಗೆ ಕರೆ ಹೋಗಿತ್ತು. ಪರದೆಯ ಹಿಂದೆ ನುಡಿಸಿದ 33 ಮಂದಿಯಲ್ಲಿ ಅವರೇ ಆಯ್ಕೆಯಾದರು. ಪರದೆ ಸರಿಸಿದರೆ ಹೆಂಗಸು! ಸ್ವಲ್ಪ ಕಾಲದಲ್ಲೇ ಅವರನ್ನು ಎರಡನೆಯ ಸ್ಥಾನಕ್ಕೆ ಇಳಿಸಿದರು. ಶ್ವಾಸಕೋಶಕ್ಕೆ ಬಲವಿದೆ ಎಂದು ಸಾಬೀತು ಮಾಡಲು ಆಕೆ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕಾಯಿತು. 1993ರವರೆಗೂ ನ್ಯಾಯಾಲಯ ಹತ್ತಿಳಿದು ಸ್ಥಾನವನ್ನೂ ಸರಿಸಮ ಸಂಬಳವನ್ನೂ ಪಡೆದರು. ಪರದೆ ಇದ್ದಾಗ ಕೇಳಿಸಿದ ನಾದ ಅದು ಸರಿದೊಡನೆ ಅದೇ ಕಿವಿಗಳಿಗೆ ಕೇಳಿಸದೆ ಹೋಯಿತು, ನೋಡಿ.

ಅಮೆರಿಕದ ಐದು ಹೆಸರಾಂತ ವಾದ್ಯವೃಂದಗಳಲ್ಲಿ 1970ರಲ್ಲಿ ಹೆಂಗಸರು ನೂರಕ್ಕೆ ಐವರಷ್ಟೂ ಇರಲಿಲ್ಲ. 1990ರ ದಶಕದ ಕೊನೆಗೆ ಇಪ್ಪತ್ತೈದರ ಹತ್ತಿರ ಬಂದರು. ಹಿಮ್ಮಡಿಯ ಚಪ್ಪಲಿಯ ಸದ್ದು ಹೆಣ್ಣೆಂದು ಹೇಳಿಬಿಡದಿರಲಿ ಎಂದು ಕೆಲವು ಕಡೆ ನೆಲಕ್ಕೆ ಜಮಖಾನ ಹಾಸುತ್ತಿದ್ದರಂತೆ. ಈ ಏರಿಕೆಯಲ್ಲಿ ಪರದೆಯ ಪಾಲಿದೆ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಅದನ್ನು ಬರೆದ ಇಬ್ಬರು ಮಹಿಳೆಯರಲ್ಲಿ ಒಬ್ಬರಾದ ಕ್ಲಾಡಿಯಾ ಗೋಲ್ಡಿನ್ ಅವರಿಗೆ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಲೆಕ್ಕ ಅಷ್ಟು ಗಟ್ಟಿಯಲ್ಲ ಎಂದು ವಾದಿಸುವವರೂ ಇದ್ದಾರೆ. ಇರಲಿ. ಮುಖ ಕಾಣದಿದ್ದರೆ ಮುಖ ನೋಡಿ ಮಣೆ ಹಾಕಲಾಗದು ಎಂಬುದಕ್ಕೆ ಲೆಕ್ಕ ಬೇಕಾಗಿಲ್ಲ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. 2019ರ ಫೆಬ್ರವರಿಯಲ್ಲಿ ನಾನು ಅವರ ಜೊತೆ ಸ್ಯಾನ್ ಆಂಟೋನಿಯೋಗೆ ಹೋಗಿದ್ದೆ. ಹೋಟೆಲಿನ ಕೋಣೆಯಲ್ಲಿ ಹುಡುಗಿ ಸಪ್ಪಗೆ ಕೂತಿದ್ದಳು. ಶಾಲೆಯಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತು ಟ್ಯೂಬಾ ನುಡಿಸುವ ಹುಡುಗ ಎರಡನೆಯ ಹಂತದಲ್ಲೇ ಉಳಿದುಬಿಟ್ಟಿದ್ದ. ‘ಅವನ ಉಸಿರು ನನ್ನದಕ್ಕಿಂತ ದೊಡ್ಡದು ಚಿಕ್ಕಜ್ಜಿ. ಆದರೆ ಅಪ್ಪ ಅಮ್ಮ ನನ್ನನ್ನು ವಾರವಾರ ಮನೆಪಾಠಕ್ಕೆ ಕಳಿಸ್ತಾರೆ. ಅವನು ಸಂಜೆ ಅಂಗಡಿಯಲ್ಲಿ ಕೆಲಸ ಮಾಡ್ತಾನೆ. ಅವನ ಮನೆ ಗೋಡೆಯಾಚೆ ರಾತ್ರಿಪಾಳಿ ಮುಗಿಸಿ ಮಲಗೋರು ಇದ್ದಾರೆ, ನುಡಿಸೋ ಹಾಗೇ ಇಲ್ಲ. ಪರದೆ ಏನೋ ಸರಿಯಾಗೇ ಇತ್ತು. ಆದರೂ ಇದು ಸರಿಯಾ?’ ಎಂದಳು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಪರದೆ ಮುಖವನ್ನು ಮರೆಮಾಡುತ್ತದೆ ನಿಜ. ಆದರೆ ಅದು ಮರೆಮಾಡುವುದು ಮುಖವನ್ನು ಮಾತ್ರವಲ್ಲ. ಹಿಂದಿನ ಮನೆ, ಅಡುಗೆಮನೆ, ಅಮ್ಮನ ಕೈಯಲ್ಲಿರುವ ದುಡ್ಡು, ಓದಲು ಸಿಕ್ಕ ಅಥವಾ ಸಿಗದ ಒಂದು ಮೂಲೆ, ಇವೆಲ್ಲವೂ ಅದರ ಹಿಂದೆ ಅಡಗಿಹೋಗುತ್ತವೆ. ನಮ್ಮ ಎಸ್‌ಎಸ್‌ಎಲ್‌ಸಿ ಉತ್ತರ ಪತ್ರಿಕೆಯ ಮೇಲೂ ಹೆಸರಿರುವುದಿಲ್ಲ. ದನ ಕಟ್ಟಿ, ನೀರು ತಂದು, ತಮ್ಮನನ್ನು ಎತ್ತಿಕೊಂಡೇ ಓದಿದ ಹುಡುಗಿಯ ಪತ್ರಿಕೆಯೂ ಟ್ಯೂಷನ್ನಿಗೆ ಕಾರಿನಲ್ಲಿ ಹೋದವನ ಪತ್ರಿಕೆಯೂ ಒಂದೇ ಕಟ್ಟಿನಲ್ಲಿರುತ್ತವೆ.

ಹಾಗೆಂದು ಪರದೆ ತೆಗೆದುಬಿಡೋಣವೇ? ತೆಗೆದರೆ ಆ ಹುಡುಗನ ಕಷ್ಟ ಕಂಡು ಒಬ್ಬರು ಮರುಗಬಹುದು. ಆದರೆ ಮರುಕಕ್ಕೆ ತೆರೆದ ಬಾಗಿಲಲ್ಲಿ ವಶೀಲಿಯೂ ಒಳಗೆ ಬರುತ್ತದೆ. ಟ್ಯೂಬಾ ಹಿಡಿದ ಹುಡುಗಿಯನ್ನು ಕಂಡು ನಗುವ ಕಣ್ಣೂ ಬರುತ್ತದೆ. ಅಳೆಯುವ ಕೋಣೆಗೆ ಪರದೆ ಇರಲೇಬೇಕು. ನ್ಯಾಯದ ಉಳಿದ ಭಾಗ ಆ ಕೋಣೆಯ ಹೊರಗೆ, ಆ ದಿನಕ್ಕಿಂತ ಬಹಳ ಮುಂಚೆ ನಡೆಯಬೇಕಾದ್ದು.

ಅದು ನಡೆಯುವುದನ್ನು ನಾನು ಆ ಸಮ್ಮೇಳನದಲ್ಲೇ ಕಂಡೆ. ಕಛೇರಿಯ ಸಭಾಂಗಣ ಒಂದು ಕಡೆಯಾದರೆ, ಉದ್ದಕ್ಕೂ ಸಣ್ಣ ದೊಡ್ಡ ಕೋಣೆಗಳಲ್ಲಿ ಮೇಷ್ಟ್ರುಗಳಿಗೇ ಪಾಠ. ತಲೆ ನರೆತವರೂ ಪುಸ್ತಕ ಹಿಡಿದು ಕೂತಿದ್ದರು. ಆರನೆಯ ತರಗತಿಯ ಮಗುವಿಗೆ ಮೊದಲ ಉಸಿರು ಹೇಗೆ ಹೇಳಿಕೊಡಬೇಕು, ಹಿಂದೆ ಬಿದ್ದವರನ್ನು ಜೊತೆಗೆ ಹೇಗೆ ಒಯ್ಯಬೇಕು, ಎಂಥ ಸಣ್ಣ ಸಣ್ಣ ವಿಷಯ! ಟ್ಯೂಬಾದಂಥ ದುಬಾರಿ ವಾದ್ಯಗಳನ್ನು ಅಲ್ಲಿ ಶಾಲೆಯೇ ಮಕ್ಕಳಿಗೆ ಕೊಡುತ್ತದೆ. ಕೆಲವು ಕಡೆ ಪೋಷಕರು ಹಣ ಕೂಡಿಸಿ ಬಡ ಮಕ್ಕಳ ಪಾಠದ ಖರ್ಚು ನೋಡಿಕೊಳ್ಳುವುದೂ ಉಂಟು. ನಮ್ಮ ಹುಡುಗಿಯ ಮೇಷ್ಟ್ರು ಮನೆಯಲ್ಲಿ ನುಡಿಸಲಾಗದವರಿಗಾಗಿ ಬೆಳಿಗ್ಗೆ ಆರೂವರೆಗೇ ಬ್ಯಾಂಡ್ ಕೋಣೆಯ ಬೀಗ ತೆಗೆಯುತ್ತಿದ್ದರಂತೆ. ಅದು ಪರದೆಯಿಲ್ಲದ ಕೋಣೆ. ಅಲ್ಲಿ ಮಗುವಿನ ಹೆಸರು ಗೊತ್ತು, ಮನೆ ಗೊತ್ತು, ಇವತ್ತು ತಿಂಡಿ ತಿಂದು ಬಂದಿದೆಯೋ ಇಲ್ಲವೋ ಎಂಬುದೂ ಗೊತ್ತು. ಆ ಹುಡುಗ ಮರುವರ್ಷ ಇನ್ನೊಂದು ಹಂತ ದಾಟಿದ, ರಾಜ್ಯದ ಬ್ಯಾಂಡಿಗೆ ಮಾತ್ರ ಮುಟ್ಟಲಿಲ್ಲ. ಎಲ್ಲ ಬೀಗಗಳೂ ಒಂದೇ ಬೀಗದಕೈಗೆ ತೆರೆಯುವುದಿಲ್ಲ.

ಕೊನೆಯ ದಿನದ ಕಛೇರಿಯಲ್ಲಿ ಹಿಂದಿನ ಸಾಲಿನ ಟ್ಯೂಬಾಗಳನ್ನು ಬೇರೆಯಾಗಿ ಕೇಳಲು ಎಷ್ಟು ಪ್ರಯತ್ನಿಸಿದರೂ ನನಗಾಗಲಿಲ್ಲ. ನಮ್ಮ ತಂಬೂರಿಯ ಶ್ರುತಿಯ ಹಾಗೆ ಅದು ಎಲ್ಲದರ ಕೆಳಗೆ ಹರಡಿಕೊಂಡಿತ್ತು. ಪರೀಕ್ಷೆ ನಡೆಸಿ ಒಂದು, ಎರಡು ಎಂದು ಕುರ್ಚಿ ಹಂಚಿದ್ದರು. ಕೇಳುವ ನಮಗೆ ಮೊದಲ ಕುರ್ಚಿ ಯಾವುದು, ಕೊನೆಯದು ಯಾವುದು ಎಂದು ತಿಳಿಯುವಂತೆಯೇ ಇರಲಿಲ್ಲ.

ಮನೆ ನಡೆಸುವ ನಮಗೂ ಈ ಎರಡು ಕೋಣೆಗಳು ಬೇಕು. ಸೊಸೆಯ ಸಾರನ್ನೂ ಮಗಳ ಸಾರನ್ನೂ ಹೆಸರು ಹೇಳದೆ ಎರಡು ಲೋಟದಲ್ಲಿಟ್ಟರೆ ಎಷ್ಟು ಅತ್ತೆಯರು ಸರಿಯಾಗಿ ಗುರುತಿಸಿಯಾರು? ರುಚಿ ಹೇಳುವಾಗ ಲೋಟವನ್ನು ಮಾತ್ರ ನೋಡಬೇಕು. ಆದರೆ ಒಂದು ದಿನ ಸಾರಿಗೆ ಉಪ್ಪೇ ಬೀಳದಿದ್ದರೆ ಲೋಟ ಬದಿಗಿಟ್ಟು ಮಾಡಿದವಳ ಮುಖ ನೋಡಬೇಕು. ಅವಳಿಗೆ ಜ್ವರ ಬಂದಿರಬಹುದು. ನಾವು ಸಾಮಾನ್ಯವಾಗಿ ಮಾಡುವುದು ಇದರ ತಿರುವುಮುರುವು. ಬೆಲೆ ಕಟ್ಟುವಾಗ ಕಣ್ಣರಳಿಸಿ ಮುಖ ನೋಡುತ್ತೇವೆ, ಕೈ ಹಿಡಿಯಬೇಕಾದಾಗ ಪರದೆ ಎಳೆದುಕೊಳ್ಳುತ್ತೇವೆ.